ಉಪ್ಪಿನ ದೊರೆಯ ಎಂಟನೇ ಪಾಲು

ಬಾಡಿಗೆ ಕೋಣೆ ಕೇಳಿ ಫೋನ್ ಮಾಡಿದರೆ ಆ ಕಡೆಯಿಂದ ಬಂದದ್ದು ಒಂದೇ ಮಾತು: “ಇತ್ತ್.”

ಇತ್ತಂತೆ. ಅಂದರೆ ಈಗ ಇಲ್ಲ. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ. ಇನ್ನೆರಡು ಮನೆಗೆ ಕೇಳಿದೆ, ಅಲ್ಲೂ “ಇತ್ತ್.” ಈ ಊರಿನಲ್ಲಿ ಎಲ್ಲವೂ ನಾನು ಬರುವ ಮೊದಲೇ ಇದ್ದು ಮುಗಿದುಹೋಗಿದೆ ಅನ್ನಿಸಿತು. ಕುಂದಾಪುರದ ಲಾಡ್ಜೊಂದರಲ್ಲಿ ಮೂರು ದಿನ ಕಳೆದೆ. ನಾಲ್ಕನೆಯ ದಿನ ನಮ್ಮ ಕಚೇರಿಯ ಜವಾನರ ಹತ್ತಿರ ಅಲವತ್ತುಕೊಂಡರೆ ಅವರು ಬಿದ್ದು ಬಿದ್ದು ನಕ್ಕರು.

“ಮೇಡಂ, ಇತ್ತ್ ಅಂದ್ರೆ ಇದೆ ಅಂದ್ ಅರ್ಥ. ಇಲ್ದಿದ್ರೆ ಇಲ್ಲೆ ಅಂತ್ರ್. ಮುಗ್ದ್ ಹೋದದ್ದಾರೆ ಇದ್ದಿತ್ತ್ ಅಂಬುದ್.”

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಿಂದ ಬಂದ ನನಗೆ, ಕನ್ನಡ ಎಂ.ಎ. ಮಾಡಿದ ನನಗೆ, ಕನ್ನಡ ತಿಳಿಯಲಿಲ್ಲ. ನಮ್ಮಲ್ಲಿ “ಐತಿ” ಅನ್ನುವುದು ಇಲ್ಲಿ “ಇತ್ತ್”. ಅದೇ ನಾಡು, ಅದೇ ಅಕ್ಷರ, ಸಂಬಳ ಕೊಡುವ ಸರ್ಕಾರವೂ ಅದೇ. ಆದರೆ ಬಸ್ಸಿನಲ್ಲಿ ಪಕ್ಕದ ಇಬ್ಬರು ಹೆಂಗಸರು ಮಾತಾಡುತ್ತಿದ್ದರೆ ಮಾತು ನನ್ನ ಕಿವಿಯ ಪಕ್ಕ ಮಿಂಚಿ ಹೋಗುತ್ತಿತ್ತು. ಹಿಡಿಯುವಷ್ಟರಲ್ಲಿ ಅವರು ಇಳಿದಿರುತ್ತಿದ್ದರು.

ಮೊದಲು ಫೋನ್ ಮಾಡಿದ ಮನೆಯನ್ನೇ ಹುಡುಕಿಕೊಂಡು ಕುಂದಾಪುರದ ಹತ್ತಿರದ ತ್ರಾಸಿ ಎಂಬ ಊರಿಗೆ ಹೋದೆ. ಬಾಗಿಲಿಗೆ ಬಂದವರು ಎಪ್ಪತ್ತು ದಾಟಿದ, ನೆಟ್ಟಗೆ ನಿಂತ ಹೆಂಗಸು. ಬೂದಿ ಬಣ್ಣದಲ್ಲಿ ಸ್ವಲ್ಪ ಹಸಿರು ಬೆರೆಸಿದಂಥ ಕಣ್ಣು.

“ಹ್ವಾಯ್, ಫೋನ್ ಮಾಡಿ ಕಟ್ ಮಾಡದ್ ನೀವೇಯಾ? ಬನ್ನಿ, ಕೂಕಣಿ.”

ಕೂಕಣಿ ಎಂದರೆ ಕೂತುಕೊಳ್ಳಿ. ನಾನು ನಿಂತೇ ಇದ್ದೆ. ಅವರು ನನ್ನ ಹೆಗಲು ಹಿಡಿದು ಕೂರಿಸಿದರು.

ಇವರೇ ಕುಸುಮ ಶೆಡ್ತಿ. ಇಲ್ಲಿನ ಶೆಟ್ಟಿ ಮನೆತನದ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಗಂಡನ ಹೋಟೆಲಿನ ಅಡುಗೆಮನೆಯನ್ನು ಮುಂಬಯಿಯಲ್ಲಿ ಇಪ್ಪತ್ತು ವರ್ಷ ನಡೆಸಿ ಬಂದವರು. ಅದೇ ಅಂಗಳದ ಆಚೆ ಬದಿಯಲ್ಲಿ ಅವರ ತಮ್ಮ ಸಂಜೀವ ಶೆಟ್ಟರ ಮನೆ. ಅವರೂ ಮುಂಬಯಿಯಲ್ಲಿ ಹೋಟೆಲು ನಡೆಸಿ ವಾಪಸು ಬಂದವರೇ. ಎರಡೂ ಮನೆಗೆ ಜನ ಹೋಗಿ ಬಂದು ಮಾಡುತ್ತಲೇ ಇರುತ್ತಾರೆ. ನನಗೆ ಸಿಕ್ಕಿದ್ದು ಕುಸುಮಕ್ಕನ ಮನೆಯ ಬದಿಯ ಕೋಣೆ, ಅದಕ್ಕೊಂದು ಪುಟ್ಟ ಅಡುಗೆಮನೆ.

ನಮ್ಮ ಕಡೆಯವರಿಗೆ ಹೇಗೆ ಹೇಳಲಿ? ನಾವು ಕೊಡ ಹೊತ್ತು ಸಾಲಿನಲ್ಲಿ ನಿಂತು ಬೆಳೆದವರು. ಇಲ್ಲಿ ಬಾವಿ ಅಂಗಳದಲ್ಲೇ ಇದೆ, ಕೈ ಚಾಚಿದರೆ ನೀರು. ಬೈಂದೂರಿನ ಬಸ್ಸು ಹತ್ತಿದರೆ ಮರವಂತೆಯಲ್ಲಿ ರಸ್ತೆಯ ಈಚೆ ನದಿ, ಆಚೆ ಕಡಲು. ನೀರಿನ ನಡುವೆ ಡಾಂಬರಿನ ಒಂದು ಗೆರೆ. ಮೊದಲ ಸಲ ನಾನು ಕಿಟಕಿಯ ಸರಳು ಹಿಡಿದು ಕೂತಿದ್ದೆ. ಪಕ್ಕದವರು ಕಡಲೆಕಾಯಿ ತಿನ್ನುತ್ತಿದ್ದರು.

ಊಟದ್ದು ಬೇರೆ ಕಥೆ. ಮೊಟ್ಟೆಯೂ ಕಾಣದ ಮನೆಯಿಂದ ಬಂದವಳು ನಾನು. ಗಂಗೊಳ್ಳಿಯಿಂದ ಮೀನಿನ ಗಾಡಿ ಬಂದ ದಿನ ಮೂಗು ಮುಚ್ಚಿಕೊಂಡು ಕಚೇರಿಗೆ ಓಡುತ್ತಿದ್ದೆ. ಕುಚ್ಚಲಕ್ಕಿಯ ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. “ರೊಟ್ಟಿ ತಿಂದೇನವ್ವಾ?” ಎಂದು ದಿನಾ ಅವ್ವ ಫೋನಿನಲ್ಲಿ ಕೇಳುತ್ತಿದ್ದಳು. ಅವಳು ಕಳಿಸಿದ ಜೋಳದ ಹಿಟ್ಟು ಇಲ್ಲಿನ ಹಸಿ ಗಾಳಿಗೆ ಹದಿನೈದೇ ದಿನದಲ್ಲಿ ಮುಗ್ಗಲು ಹಿಡಿಯಿತು. ಅಂದು ನಾನು ಅತ್ತದ್ದು ಹಿಟ್ಟಿಗೋ ಅವ್ವನಿಗೋ ಹೇಳಲಾರೆ.

ಎರಡನೆಯ ಸಲ ಹಿಟ್ಟು ಬಂದಾಗ ಅದೇ ಭಾನುವಾರ ರೊಟ್ಟಿ ಬಡಿಯಲು ಕೂತೆ. ಎರಡು ರೊಟ್ಟಿ ಆಗುವಷ್ಟರಲ್ಲಿ ಕುಸುಮಕ್ಕ ಗಾಬರಿಯಿಂದ ಬಂದರು.

“ಎಂತ ಅದ್, ಗೋಡಿಗ್ ಹೊಡೂದ್?”

ರೊಟ್ಟಿ ಕಂಡು ಅಲ್ಲೇ ಕೂತುಬಿಟ್ಟರು. ಮೂರು ತಿಂದರು, ಶೇಂಗಾ ಚಟ್ನಿ ಹಚ್ಚಿಕೊಂಡು. ಕೈ ತೊಳೆದು ಬಂದು, ಬಹಳ ದಿನದಿಂದ ಕೇಳಬೇಕೆಂದು ಇಟ್ಟುಕೊಂಡ ಮಾತನ್ನು ಕೇಳಿದರು.

“ನೀವ್ ಹಳಿ ಕಾಗ್ದ ಓದ್ತ್ರಿ ಅಂಬ್ರ್, ಹೌದಾ?”

ಹೌದು. ನನ್ನ ಕೆಲಸ ತಾಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ. ಕೂಡಿಸಿ ಬರೆದ ಹಳೆಯ ಕೈಬರಹ ನನಗೆ ಬೇಗ ಬಿಡಿಸಲು ಬರುತ್ತದೆ. ಆ ಕೊಠಡಿಯೊಳಗೆ ಮಾತ್ರ ನಾನು ಪರದೇಶಿಯಲ್ಲ. ಕಾಗದದಲ್ಲಿ ಬರೆದ ಕನ್ನಡ ಇಂಡಿಯಲ್ಲೂ ಕುಂದಾಪುರದಲ್ಲೂ ಒಂದೇ.

ಕುಸುಮಕ್ಕ ಫೋನು ತೆಗೆದು ತೋರಿಸಿದರು. ಅದರಲ್ಲಿ ಬಣ್ಣ ಬಣ್ಣದ ಒಂದು ಚಕ್ರ, ಅದರ ಎಂಟರಲ್ಲೊಂದು ಪಾಲು ಹಸಿರು. ಹಿಂದಿನ ವರ್ಷ ಕೆನಡಾದಲ್ಲಿರುವ ಮಗಳ ಮನೆಗೆ ಹೋಗಿದ್ದರಂತೆ. “ಮೊಮ್ಮಗ್ಳ್ ಒಂದ್ ನಳಿಗ್ ಉಗುಳ್ ಅಜ್ಜಿ ಅಂದ್ಲ್. ಉಗ್ಳಿದೆ. ಎಂಜ್ಲ್ ಪರೀಕ್ಷೆ. ಈಗ ಕಾಣಿ, ಎಂತ ಬಂದಿತ್ತ್ ಅಂದ್ ಹೇಳಿ.”

ಬಂದದ್ದು ಐರ್ಲೆಂಡ್. ಎಂಟರಲ್ಲೊಂದು ಪಾಲು ಎಂದರೆ ಲೆಕ್ಕಕ್ಕೆ ಒಬ್ಬ ಮುತ್ತಜ್ಜ. ಜೊತೆಗೆ ನೋರಾ ಎಂಬ ಐರ್ಲೆಂಡಿನ ಹೆಂಗಸಿನ ಪತ್ರವೂ ಬಂದಿತ್ತು: ನಿಮ್ಮ ಡಿಎನ್‌ಎ ನನ್ನದಕ್ಕೆ ತಾಳೆಯಾಗುತ್ತಿದೆ, ನನ್ನ ಮುತ್ತಜ್ಜನ ಅಣ್ಣ ಮೈಕೇಲ್ ಉಪ್ಪಿನ ಇಲಾಖೆಯ ಕೆಲಸಕ್ಕೆಂದು ಇಂಡಿಯಾಕ್ಕೆ ಹೋದ, ಅವನ ಕೊನೆಯ ಪತ್ರ ಗಂಗೊಳ್ಳಿ ಎಂಬಲ್ಲಿಂದ ಬಂದಿತ್ತು, ನಿಮಗೇನಾದರೂ ಗೊತ್ತೆ?

ಕುಸುಮಕ್ಕನಿಗೆ ಗೊತ್ತಿದ್ದದ್ದು ಒಂದು ಬೈಗುಳ ಮಾತ್ರ. ತಾಯಿಯ ತಾಯಿ ಬೆಳ್ಳಮ್ಮನನ್ನು ಜಗಳಕ್ಕೆ ಬಂದವರು “ಉಪ್ಪಿನ್ ದೊರಿ ಮಗ್ಳ್” ಎಂದು ಬೈಯುತ್ತಿದ್ದರು. ಮಕ್ಕಳು ಅದು ಉಪ್ಪಿನಕಾಯಿಯ ಮಾತೆಂದು ನಗುತ್ತಿದ್ದರು. ಬೆಳ್ಳಮ್ಮನ ಕಣ್ಣೂ ಹೀಗೇ ಇತ್ತಂತೆ.

“ಅವ್ನ್ ಬಿಟ್ಟ್ ಓಡಿ ಹೋದ್ನಾ, ಜಬರ್ದಸ್ತಿ ಮಾಡಿದ್ನಾ, ನಂಗ್ ಅಷ್ಟ್ ಗೊತ್ತಾಯ್ಕ್. ನಮ್ಮ ಅಬ್ಬಿ ಸಾಯುವರಿಗೂ ಅದ್ರ್ ಬಗ್ಗೆ ಒಂದ್ ಮಾತ್ ಆಡ್ಲಿಲ್ಲೆ.” ಅಬ್ಬಿ ಎಂದರೆ ತಾಯಿ, ಗೊತ್ತಾಯ್ಕ್ ಎಂದರೆ ಗೊತ್ತಾಗಬೇಕು. ಕುಸುಮಕ್ಕ ಫೋನನ್ನು ಸೆರಗಿನಿಂದ ಒರೆಸಿದರು. “ಹುಡ್ಕಿ ಕೊಡ್ತ್ರ್ಯಾ?”

ನಾನು ಪುಸ್ತಕ ಪೆನ್ನು ತಂದು ನನ್ನ ಅಭ್ಯಾಸದಂತೆ ಬರೆದುಕೊಳ್ಳತೊಡಗಿದೆ. ಬೆಳ್ಳಮ್ಮನ ತಾಯಿ ದುಗ್ಗಮ್ಮ. ತಂದೆ? ಗೆರೆ ಎಳೆದು ಕಾದೆ. ಬೆಳ್ಳಮ್ಮನ ಹೆಸರಿನ ಮುಂದೆ ಮನೆಯವರು ಏನಾದರೂ ಹೇಳಲೇಬೇಕಿತ್ತಲ್ಲ, ಶಾಲೆಗೋ ಮದುವೆಗೋ?

“ಅಪ್ಪನ್ ಹೆಸ್ರ್ ಎಂತಕ್?” ಎಂದರು ಕುಸುಮಕ್ಕ, ನಿಜವಾಗಿಯೂ ಅರ್ಥವಾಗದೆ. “ಮಗು ತಾಯಿ ಬಳಿಗ್ ಸೇರುದ್.”

ಬಳಿ ಎಂದರೆ ಗೋತ್ರದಂಥ ಗುಂಪು, ನಮ್ಮ ಕಡೆಯ ಬೆಡಗು ಇದ್ದಂತೆ, ಆದರೆ ತಾಯಿಯಿಂದ ಮಗಳಿಗೆ ಇಳಿಯುವುದು. ಆ ಕಾಲದಲ್ಲಿ ಮನೆ, ಗದ್ದೆ, ಅಡ್ಡಹೆಸರು ಎಲ್ಲವೂ ಆ ದಾರಿಯಲ್ಲೇ ನಡೆಯುತ್ತಿತ್ತು. ನಮ್ಮೂರಲ್ಲಿ ತಂದೆಯ ಹೆಸರಿಲ್ಲದ ಮಗುವಿಗೆ ನಿಲ್ಲಲು ನೆಲವಿರುತ್ತಿರಲಿಲ್ಲ. ಇಲ್ಲಿ ಬೆಳ್ಳಮ್ಮ ಬೈಗುಳ ತಿಂದಳು ನಿಜ. ಆದರೆ ತಾಯಿಯ ಮನೆಯಲ್ಲಿ ತನ್ನ ಪಾಲಿನ ಗದ್ದೆಯ ಅನ್ನ ಉಂಡಳು. ದೊರೆಯ ಹೆಸರು ಎಲ್ಲೂ ಇಲ್ಲದಿರುವುದಕ್ಕೆ ನಾಚಿಕೆಯೊಂದೇ ಕಾರಣವಲ್ಲ, ಆ ಹೆಸರಿನ ಅಗತ್ಯವೇ ಇವರಿಗಿರಲಿಲ್ಲ ಎಂಬುದು ಮೆಲ್ಲನೆ ನನ್ನ ತಲೆಗೆ ಇಳಿಯಿತು.

ಸಂಜೀವ ಶೆಟ್ಟರಿಗೆ ವಿಷಯ ತಿಳಿದದ್ದೇ ಅಂಗಳ ದಾಟಿ ಬಂದರು.

“ಸತ್ತವ್ರನ್ನ್ ಎಂತಕ್ ಎಬ್ಸುದ್ ಅಕ್ಕ? ಸುಮ್ನೆ ಖಾಲಿ ಪೀಲಿ ಇದೆಲ್ಲ. ಊರ್ ಮಂದಿ ನೆಗಾಡ್ತ್ರ್. ನಮ್ಮ ಮುತ್ತಜ್ಜಿಯನ್ನ ಯಾರೋ ದೊರಿ ಹಾಳ್ ಮಾಡಿ ಹೋದ ಅಂದ್ ನಾವೇ ಡಂಗುರ ಹೊಡೂದಾ?” ನನ್ನ ಕಡೆ ತಿರುಗಿದರು. “ನೀವ್ ಓದಿದವ್ರ್ ಮೇಡಂ. ನೀವಾದ್ರೂ ಬೇಡ ಅಂದ್ ಹೇಳ್ಕ್.”

“ಅಪ್ಪನ್ ಬದಿಂದ ಬಂದದ್ದೂ ಆಯ್ಕಲ್ದಾ?” ಎಂದು ಆಮೇಲೆ ಅವರೇ ಒಂದು ದಾರಿ ಹುಡುಕಿದರು.

ಆ ಅನುಮಾನ ಸಹಜವೇ, ತಂದೆಯ ಕಡೆಯಿಂದಲೂ ಬಂದಿರಬಹುದಿತ್ತು. ಕುಸುಮಕ್ಕನ ದೊಡ್ಡಮ್ಮನ ಮಗಳೊಬ್ಬರು ದುಬೈಯಲ್ಲಿದ್ದಾರೆ. ಅವರಿಗೂ ಕುಸುಮಕ್ಕನಿಗೂ ಸಮಾನವಾದದ್ದು ತಾಯಿಯ ಕಡೆ ಮಾತ್ರ. ಅವರಿಗೂ ನೋರಾ ತಾಳೆಯಾದರೆ ದೊರೆ ತಾಯಿಯ ಕಡೆಯವನೇ. ಅವರನ್ನು ಒಪ್ಪಿಸಲು ಎರಡು ತಿಂಗಳು, ಉತ್ತರ ಬರಲು ಇನ್ನೂ ಒಂದೂವರೆ. ತಾಳೆಯಾಯಿತು. ಸಂಜೀವ ಶೆಟ್ಟರು ಒಂದು ವಾರ ನಮ್ಮ ಬದಿಗೆ ಬರಲಿಲ್ಲ.

ಕುಸುಮಕ್ಕ ನಿಯಮದಂತೆ ಅರ್ಜಿ ಕೊಟ್ಟರು. ನಮ್ಮ ಮೇಲಧಿಕಾರಿಯವರು, ಊಟದ ಬಿಡುವಿನಲ್ಲಿ ಹುಡುಕಿಕೊಳ್ಳಿ ಎಂದರು. ಅಷ್ಟು ಹಳೆಯ ಕಾಗದಗಳಲ್ಲಿ ಬಹುಪಾಲು ಎಂದೋ ಬೇರೆಡೆಗೆ ಹೋಗಿದ್ದವು. ಉಳಿದ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿದೆ. ಜನನದ ಪುಸ್ತಕದಲ್ಲಿ ಬೆಳ್ಳಮ್ಮ ಸಿಗಲಿಲ್ಲ. ಗೇಣಿ ಚೀಟಿಗಳಲ್ಲಿ ದೊರೆ ಸಿಗಲಿಲ್ಲ. ದಿನವೂ ಸಂಜೆ ಬಸ್ಸಿಳಿದು ಬಂದಾಗ ಕುಸುಮಕ್ಕ ಅಂಗಳದಲ್ಲಿ ನಿಂತಿರುತ್ತಿದ್ದರು. ನಾನು ತಲೆ ಅಲ್ಲಾಡಿಸುತ್ತಿದ್ದೆ. “ಕಾಂಬ,” ಎನ್ನುತ್ತಿದ್ದರು. ನೋಡೋಣ ಎಂದು ಅದರ ಅರ್ಥ. ಅಷ್ಟರಲ್ಲಿ ಅವರು ನನ್ನನ್ನು ಮೇಡಂ ಎನ್ನುವುದು ಬಿಟ್ಟು ಮಾದೇವಿ ಎನ್ನತೊಡಗಿದ್ದರು. ಗಂಜಿಗೆ ತುಪ್ಪ, ಮಾವಿನ ಮಿಡಿ ಹಾಕಿ ಕೊಟ್ಟರೆ ನಾನು ಎರಡನೆಯ ಸಲವೂ ಬಡಿಸಿಕೊಳ್ಳುತ್ತಿದ್ದೆ.

ಸಿಕ್ಕಿದ್ದು ಬಿಡಿ ಅರ್ಜಿಗಳ ಕಟ್ಟಿನಲ್ಲಿ. ಒಂದೇ ಹಾಳೆ, ಅಂಚು ಹುಳ ತಿಂದದ್ದು. ಗಂಗೊಳ್ಳಿಯಲ್ಲಿ ಜ್ವರದಿಂದ ಮೃತನಾದ ಉಪ್ಪಿನ ಇಲಾಖೆಯ ಮೈಕೇಲು ದೊರೆಯ ಸಾಮಾನುಗಳ ಬಗ್ಗೆ ದುಗ್ಗಮ್ಮ ಶೆಡ್ತಿಯಿಂದ ತೆಗೆದುಕೊಂಡ ಹೇಳಿಕೆ. ಓದುತ್ತ ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ. ಜವಾನರು ಹತ್ತಿರ ಬಂದು “ಹಾವಾ ಮೇಡಂ?” ಎಂದು ಕೇಳಿದರು.

ದೃಢೀಕರಿಸಿದ ನಕಲು ಹಿಡಿದು ಸಂಜೆ ಮನೆಗೆ ಬಂದೆ. ಕುಸುಮಕ್ಕ ತಮ್ಮನನ್ನೂ ಕರೆಸಿದರು. ಅವರು ಕೂರದೆ ಕಂಬಕ್ಕೆ ಒರಗಿ ನಿಂತರು. ನಾನು ಓದಿದೆ.

“ಸದರಿ ದೊರೆಯು ನಮ್ಮ ಮನೆಯಲ್ಲಿ ಮೂರು ವರುಷ ಇದ್ದದ್ದು ಹೌದು. ಆತನನ್ನು ನಾನೇ ಇರಿಸಿಕೊಂಡದ್ದು. ಯಾರ ಬಲಾತ್ಕಾರವೂ ಇಲ್ಲ. ಹೆಣ್ಣುಮಗು ನನ್ನ ಬಳಿಗೆ ಸೇರಿದ್ದು, ಅದರ ವಿಚಾರ ಸರಕಾರಕ್ಕೆ ಸಂಬಂಧವಿಲ್ಲ. ಆತನ ಪೆಟ್ಟಿಗೆಯಲ್ಲಿ ನನಗೇನೂ ಬೇಡ. ಅದನ್ನು ಆತನ ತಾಯಿಗೆ ಕಳುಹಿಸತಕ್ಕದ್ದು.”

ಕುಸುಮಕ್ಕ ಕೇಳಿದರು, “ಆ ಒಂದ್ ಮಾತ್ ಇನ್ನೊಂದ್ ಸಲ ಓದ್.”

“ಆತನನ್ನು ನಾನೇ ಇರಿಸಿಕೊಂಡದ್ದು.”

“ಕೇಂಡ್ಯಾ ಸಂಜೀವ? ಅವ್ನ್ ಅಲ್ಲ. ಇವ್ಳ್.” ಅವರ ಕಣ್ಣಲ್ಲಿ ನೀರು, ಬಾಯಲ್ಲಿ ನಗು. “ಓಡಿ ಹೋದದ್ದೂ ಅಲ್ಲ. ಸತ್ತ್ ಹೋದದ್ದ್.”

ಸಂಜೀವ ಶೆಟ್ಟರು ಕಾಗದವನ್ನು ಕೈಗೆ ತೆಗೆದುಕೊಂಡು ಕನ್ನಡಕ ಏರಿಸಿದರು. ತಾವೇ ಓದಿ, “ಸರ್ಕಾರಕ್ಕೆ ಸಂಬಂಧ ಇಲ್ಲ ಅಂದ್ ಸರ್ಕಾರದ್ ಎದ್ರೇ ಹೇಳಿದ್ಲಾ?” ಎಂದರು. ಮರುದಿನ ತ್ರಾಸಿಯ ಚಹಾದಂಗಡಿಯಲ್ಲಿ ಅದನ್ನೇ ನಾಲ್ಕು ಜನಕ್ಕೆ ಹೇಳುತ್ತಿದ್ದರೆಂದು ನನಗೆ ಬಸ್ಸಿನಲ್ಲಿ ಗೊತ್ತಾಯಿತು.

ನಾನು ಇದನ್ನೆಲ್ಲ ನೋರಾಗೆ ಬರೆದೆ. ಅವರ ಉತ್ತರ ಅದೇ ದಿನ ಬಂತು: ಪೆಟ್ಟಿಗೆಯೊಂದು ಬಂದದ್ದು ನಿಜ. ಅದರಲ್ಲಿದ್ದ ಗಡಿಯಾರ ಈಗಲೂ ಮನೆಯಲ್ಲಿದೆ. ಜೊತೆಗೆ ಯಾರಿಗೂ ಓದಲು ಬಾರದ ಒಂದು ಕಾಗದವೂ ಇದೆ. ಯಾವುದೋ ಪೂರ್ವದೇಶದ ಪ್ರಾರ್ಥನೆ ಇರಬೇಕೆಂದು ಅಜ್ಜ ಅದಕ್ಕೆ ಚೌಕಟ್ಟು ಹಾಕಿಸಿದ್ದರು. ಫೋಟೊ ಕಳಿಸಿ ಎಂದು ನಾನು ಕೇಳಿದೆ. ಇಲ್ಲ, ನಾನೇ ತರುತ್ತೇನೆ, ಇಷ್ಟು ಕಾಲ ಕಾದ ಕಾಗದವನ್ನು ಫೋನಿನಲ್ಲಿ ಓದಿಸಬಾರದು ಎಂದರು.

ನೋರಾ ಬಂದದ್ದು ಡಿಸೆಂಬರಿನಲ್ಲಿ. ಅರವತ್ತೈದರ ಆಸುಪಾಸಿನ ಹೆಂಗಸು. ಊರೂರು ಸುತ್ತಿ ಅಂಚೆ ಹಂಚುವ ಕೆಲಸ ಮಾಡಿ ನಿವೃತ್ತರಾದವರು. ಕಾಲು ಗಟ್ಟಿ, ಮುಖದ ತುಂಬ ಕಂದು ಚುಕ್ಕೆ. ಕುಸುಮಕ್ಕ ಅವರ ಗಲ್ಲ ಹಿಡಿದು ಕಣ್ಣನ್ನೇ ನೋಡಿದರು. ನೋರಾ ಕೂಡ ಅದನ್ನೇ ಮಾಡಿದರು. ಕುಸುಮಕ್ಕ ಹಿಂದಿಯಲ್ಲಿ, ನೋರಾ ಇಂಗ್ಲಿಷಿನಲ್ಲಿ ಒಂದು ತಾಸು ಮಾತಾಡಿದರು. ನಡುವೆ ನಾನಿದ್ದರೂ ನನ್ನ ಅಗತ್ಯ ಅಷ್ಟೇನೂ ಬೀಳಲಿಲ್ಲ. ಸಂಜೀವ ಶೆಟ್ಟರು ಬೆಳಿಗ್ಗೆಯೇ ಗಂಗೊಳ್ಳಿಗೆ ಹೋಗಿ ಅಂಜಲ್ ಮೀನು ತಂದು, ಅಡುಗೆಮನೆಗೆ ಯಾರನ್ನೂ ಬಿಡದೆ ಒಬ್ಬರೇ ನಿಂತಿದ್ದರು. ಆ ವಾಸನೆಗೆ ನಾನು ಎದ್ದು ಹೋಗಲಿಲ್ಲ ಎಂಬುದನ್ನು ಆಮೇಲೆ ಗಮನಿಸಿದೆ.

ಗೋರಿ ನೋಡಬಹುದೇ ಎಂದು ನೋರಾ ಕೇಳಿದರು. ಹೊಳೆ ಕಡಲು ಸೇರುವ ಬದಿಯಲ್ಲಿ ಎಲ್ಲೋ ಹುಗಿದಿರಬೇಕೆಂದು ಹಿರಿಯರ ಅಂದಾಜು. “ಆ ಜಾಗವೇ ಇಲ್ಲೆ ಈಗ,” ಎಂದರು ಕುಸುಮಕ್ಕ. “ಕಡ್ಲ್ ತಕಂಡ್ ಹೋಯ್ತ್.” ನೋರಾ ತಲೆಯಾಡಿಸಿದರು. ನಮ್ಮೂರಲ್ಲೂ ಕಡಲು ಹಾಗೆ ಮಾಡುತ್ತದೆ ಎಂದರು.

ಆಮೇಲೆ ಚೌಕಟ್ಟು ಹೊರಬಂತು. ಗಾಜಿನ ಹಿಂದೆ ಕಂದಿದ ಶಾಯಿಯಲ್ಲಿ, ಯಾವನೋ ಶಾನುಭೋಗನ ದುಂಡು ಕೈಯಲ್ಲಿ ಬರೆದ ಅಚ್ಚ ಕನ್ನಡ. ಸಾವಿರಾರು ಮೈಲಿ ಆಚೆ, ನೋರಾ ಮನೆಯ ಚಳಿ ಕಾಯಿಸುವ ಬೆಂಕಿಗೂಡಿನ ಮೇಲೆ, ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಹಾಗೇ ನೇತಾಡಿತ್ತು. ನೀರು ಕುಡಿದು ಓದಿದೆ.

“ದೊರೆಯವರ ತಾಯಿಯವರಿಗೆ ದುಗ್ಗಮ್ಮನ ನಮಸ್ಕಾರ. ನಿಮ್ಮ ಮಗನಿಗೆ ಜ್ವರ ಬಂದು ಹನ್ನೊಂದು ದಿನ ಆರೈಕೆ ಮಾಡಿದೆವು, ಉಳಿಯಲಿಲ್ಲ. ಕಡೆಗೆ ಯಾವ ಭಾಷೆಯಲ್ಲಿ ಮಾತಾಡಿದರೋ ತಿಳಿಯಲಿಲ್ಲ, ನಿಮ್ಮನ್ನು ಕರೆದದ್ದು ಮಾತ್ರ ತಿಳಿಯಿತು. ಹೆಣ್ಣುಮಗು ಒಂದುಂಟು. ಬಣ್ಣ ನಿಮ್ಮ ಕಡೆಯದು. ಬೆಳ್ಳಮ್ಮ ಎಂದು ಕರೆಯುತ್ತೇವೆ. ಅದಕ್ಕೆ ಇಲ್ಲಿ ಕೊರತೆ ಇಲ್ಲ. ಈ ಕಾಗದ ಓದುವವರು ನಿಮ್ಮಲ್ಲಿ ಇದ್ದರೆ ಒಂದು ಮಾತು ಬರೆಸಿ ಕಳುಹಿಸಬೇಕು.”

ನನ್ನ ಹರಕು ಇಂಗ್ಲಿಷಿನಲ್ಲಿ ಸಾಲು ಸಾಲಾಗಿ ಹೇಳಿದೆ. ಮೈಕೇಲನ ಮನೆಯಲ್ಲಿ ಮಾತಾಡುತ್ತಿದ್ದದ್ದು ಇಂಗ್ಲಿಷಲ್ಲ, ಐರಿಷ್ ಎಂದರು ನೋರಾ. ಅವರಲ್ಲಿ ತಾಯಿಯನ್ನು “ಮಾಮ್” ಎಂದು ಕರೆಯುತ್ತಾರಂತೆ. ಕೊನೆಯ ಸಾಲಿಗೆ ಬಂದಾಗ ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. “ಜೀವನವಿಡೀ ಬೇರೆಯವರ ಪತ್ರ ಮುಟ್ಟಿಸಿದೆ,” ಎಂದಷ್ಟೇ ಕೇಳಿಸಿತು.

ಕುಸುಮಕ್ಕ ಅವರ ಬೆನ್ನ ಮೇಲೆ ಕೈಯಿಟ್ಟರು. “ಎಂತ ಮಾಡುದ್? ಓದುಕೆ ಅಲ್ಲಿ ಯಾರ್ ಇದ್ದಿದ್ರ್?” ತಾವೇ ಮೊದಲು ಎದ್ದು, “ಏಳಿ, ಮೀನ್ ತಣ್ದ್ ಹೋತ್ತ್,” ಎಂದರು.

ಹೊರಡುವ ಮುನ್ನ ನೋರಾ ತಮ್ಮ ವಂಶವೃಕ್ಷದ ದೊಡ್ಡ ಹಾಳೆ ಹರಡಿ ದುಗ್ಗಮ್ಮ, ಬೆಳ್ಳಮ್ಮ ಎಂದು ನನ್ನಿಂದ ಬರೆಸಿಕೊಂಡರು. ನಂತರ ಸುಮ್ಮನೆ ಕೇಳಿದರು, ನಿನ್ನ ತಾಯಿಯ ತಾಯಿಯ ತಾಯಿ ಯಾರು?

ತಂದೆಯ ಕಡೆ ಐದು ತಲೆಮಾರಿನ ಹೆಸರು ನಾನು ನಿದ್ದೆಯಲ್ಲೂ ಹೇಳಬಲ್ಲೆ. ಅವ್ವನಿಗೆ ಫೋನ್ ಮಾಡಿದರೆ ಅವಳಿಗೂ ಗೊತ್ತಿಲ್ಲ. “ಈಗ್ಯಾಕವ್ವಾ ಅದು?” ಎಂದಳು. ಆದರೂ ಅಂಗನವಾಡಿ ಕೆಲಸ ಮುಗಿಸಿ, ತನ್ನ ತಾಯಿಯ ಕಡೆಯ ತೊಂಬತ್ತರ ಸೋದರತ್ತೆಯನ್ನು ಕೇಳಿಕೊಂಡು ಬಂದು ಮರುದಿನ ತಾನೇ ಫೋನ್ ಮಾಡಿದಳು. ದನಿಯಲ್ಲಿ ಹುರುಪಿತ್ತು.

“ಸುಂದ್ರಾಬಾಯಿ ಅಂತ. ಸೊಲ್ಲಾಪುರದ ಆಚೀ ಕಡಿಯಾಕಿ. ಮದಿವ್ಯಾಗಿ ಬಂದಾಗ ಕನ್ನಡ ಒಂದಕ್ಷರ ಬರ್ತಿದ್ದಿಲ್ಲಂತ. ಒಂದ್ ವರ್ಷ ಯಾರ ಜೋಡೀನೂ ಮಾತಾಡ್ಲಿಲ್ಲಂತ ನೋಡು. ಸಾಯೂತನಾ ರೊಟ್ಟಿಗೆ ಭಾಕರಿ ಅಂತಿದ್ಲಂತ.”

ಆ ಹೆಸರನ್ನು ನಾನು ಒಂದು ಚೀಟಿಯಲ್ಲಿ ಬರೆದು ಕಪಾಟಿಗೆ ಅಂಟಿಸಿದ್ದೇನೆ. ಒಂದು ವರ್ಷ ಬಾಯಿ ಕಟ್ಟಿ ಕೂತ ಆ ಹೆಂಗಸು ಎಂಥವಳಿರಬಹುದೆಂದು ರೊಟ್ಟಿ ಬಡಿಯುವಾಗ ಯೋಚಿಸುತ್ತೇನೆ.

ಕಳೆದ ವಾರ ವರ್ಗಾವಣೆಗೆ ಅರ್ಜಿ ಹಾಕಿದೆ. ಸುಳ್ಳೇಕೆ ಹೇಳಲಿ, ಅವ್ವನ ಹತ್ತಿರ ಇರಬೇಕು ಅನ್ನಿಸುತ್ತದೆ. ಎಳ್ಳಮಾಸಿ ಹಬ್ಬಕ್ಕೆ ಹೊಲದಲ್ಲಿ ಕೂತು ಉಣ್ಣಬೇಕು ಅನ್ನಿಸುತ್ತದೆ. ಕುಸುಮಕ್ಕನಿಗೂ ಹೇಳಿದೆ. “ಹೋಯ್ಕ್ ಮಾರಾಯ್ತಿ, ಅಬ್ಬಿ ಇಪ್ಪತಿಗೇ ಹೋಯ್ಕ್,” ಎಂದರು, ತಾಯಿ ಇರುವಲ್ಲಿಗೇ ಹೋಗಬೇಕು ಎಂದು. ಒಳಗೆ ಹೋದವರು ಸಂಜೆಯವರೆಗೂ ಹೊರಗೆ ಬರಲಿಲ್ಲ.

ಅರ್ಜಿ ಕೊಟ್ಟ ದಿನ ಕಚೇರಿ ಬಿಟ್ಟು ಎಂದಿನಂತೆ ಬೈಂದೂರಿನ ಬಸ್ಸು ಹತ್ತಿದೆ. ನೂಕುನುಗ್ಗಲು. ಕಂಡಕ್ಟರು ಎಲ್ಲಿಗೆ ಎಂದು ಕೇಳಿದಾಗ ನನ್ನ ಮನಸ್ಸು ಬೇರೆಲ್ಲೋ ಇತ್ತು.

“ಮನೆಗೆ,” ಎಂದುಬಿಟ್ಟೆ.

“ಅದ್ ಎಲ್ಲರೂ ಮನೆಗೇ ಹೋಪುದ್ ಮಾರಾಯ್ರೆ,” ಎಂದ ಅವನು. “ಊರ್ ಹೇಳಿ.”

ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಅವನು ಚೀಟಿಯ ಯಂತ್ರದ ಮೇಲೆ ಬೆರಳಿಟ್ಟು ಕಾಯುತ್ತಲೇ ಇದ್ದ.